ಅರ್ಧಕ್ಕೆ ಪುಡಿ, ಅರ್ಧಕ್ಕೆ ಬರೀ ಸೂಜಿ

ಅವರ ಬಲಗಿವಿಯ ಹಿಂದೆ ಕೂದಲೇ ಇರಲಿಲ್ಲ. ತಲೆ ತುಂಬ ದಟ್ಟ ಕೂದಲು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ್ದು. ಆದರೆ ಆ ಕಿವಿಯ ಹಿಂದೆ ಮಾತ್ರ ಹೆಬ್ಬೆರಳಿನಷ್ಟು ಜಾಗ ಬೋಳು. ಅದು ರೋಗವಲ್ಲ. ಏನಾದರೂ ತಿಳಿಯದಿದ್ದಾಗ ಅಲ್ಲಿ ಕೆರೆದುಕೊಳ್ಳುವುದು ಅವರ ಅಭ್ಯಾಸ, ಮತ್ತು ಅವರಿಗೆ ತಿಳಿಯದ ಸಂಗತಿಗಳು ದಿನವೂ ಬೇಕಾದಷ್ಟು ಇರುತ್ತಿದ್ದವು. ಸಿಂದಗಿಯ ದನದ ದವಾಖಾನೆಗೆ ವರ್ಗವಾಗಿ ಬಂದಿದ್ದ ಡಾಕ್ಟರು ಅವರು. ನಮ್ಮ ಓಣಿಯ ಮಕ್ಕಳು ಆ ಬೋಳು ಜಾಗ ನೋಡಿಯೇ ಇವರು ಬಹಳ ಓದಿದವರು ಎಂದು ನಂಬಿದ್ದರು. ನಮ್ಮ ಅತ್ತೆ ಮಾತ್ರ, "ಓದಿದವ್ರಿಗೆ ಇಷ್ಟ್ಯಾಕ ತುರಿಕಿ?" ಎನ್ನುತ್ತಿದ್ದಳು.

ನಾವು ತಲೆತಲಾಂತರದಿಂದ ಹಂದಿ ಸಾಕಿದವರು. ನಾನು ಮನಗೂಳಿಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ನಮ್ಮವರಲ್ಲೆಲ್ಲ ದೊಡ್ಡ ವಿದ್ಯಾವಂತೆ ಎನ್ನಿಸಿಕೊಂಡು, ಸಿಂದಗಿಗೆ ಸೊಸೆಯಾಗಿ ಬಂದೆ. ಎಪ್ಪತ್ತರ ದಶಕ ಆಗ ನಡುಮಟ್ಟಕ್ಕೆ ಬಂದಿತ್ತು. ಊರ ಅಂಚಿನಲ್ಲಿ ಮನೆ, ಮನೆಯ ಬೆನ್ನಿಗೆ ಮುಳ್ಳುಬೇಲಿಯ ದೊಡ್ಡಿ. ಹಗಲೆಲ್ಲ ಹಂದಿಗಳು ಊರು ಸುತ್ತುತ್ತಿದ್ದವು. ಹೊತ್ತು ಇಳಿಯುವಾಗ ಅತ್ತೆ ಮುಸುರೆ ಸುರಿಯುವ ಕಲ್ಲುದೋಣಿಗೆ ಸೌಟಿನಿಂದ ಬಡಿಯುತ್ತಿದ್ದಳು. ಓಣಿಯ ಎಲ್ಲ ಮನೆಗಳಲ್ಲೂ ಅದೇ ಬಡಿತ, ಆದರೂ ನಮ್ಮ ಹಂದಿಗಳು ತಪ್ಪದೆ ನಮ್ಮ ಮನೆಗೇ ಬರುತ್ತಿದ್ದವು. ದೊಡ್ಡದು ಸಣ್ಣದರ ಪಾಲು ತಿನ್ನದಂತೆ ಅತ್ತೆ ಸೌಟು ಹಿಡಿದು ನಿಂತು ಕಾಯುತ್ತಿದ್ದಳು. ಅವುಗಳ ಹೊಟ್ಟೆ ತುಂಬಿದ ಮೇಲೆಯೇ ಅವಳು ರೊಟ್ಟಿ ಮುಟ್ಟುವುದು.

ದನದ ದವಾಖಾನೆ ಇದ್ದದ್ದು ದನಗಳಿಗೆ. ಹಂದಿಗೆ ಬೇನೆ ಬಂದರೆ ನಾವು ಅಲ್ಲಿಗೆ ಹೋಗುತ್ತಿರಲಿಲ್ಲ, ಅಲ್ಲಿಯವರು ನಮ್ಮ ಓಣಿಗೆ ಬರುತ್ತಿರಲಿಲ್ಲ. ಈ ಡಾಕ್ಟರು ಮೊದಲ ಸಲ ಬಂದದ್ದು ದಾರಿ ತಪ್ಪಿ. ಯಾರದೋ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಸೈಕಲ್ ಏರಿ ಹೊರಟವರು ಓಣಿ ತಪ್ಪಿ ನಮ್ಮಲ್ಲಿಗೆ ಬಂದರು, ಕುಂಟುತ್ತಿದ್ದ ನಮ್ಮ ಹಂದಿಯೊಂದನ್ನು ಕಂಡರು, ಎಮ್ಮೆಯನ್ನು ಮರೆತರು. ಅದರ ಕಾಲು ಹಿಡಿದು ಕೂತಿದ್ದಾಗ ಎಮ್ಮೆಯ ಮಾಲಕ ಹುಡುಕಿಕೊಂಡು ಓಡಿ ಬಂದ.

"ಸಾಹೇಬ್ರ, ನನ್ನ ಎಮ್ಮಿ ಅಲ್ಲಿ ಸಾಯಾಕತ್ತೈತಿ, ನೀವಿಲ್ಲಿ ಹಂದಿ ಕಾಲ ಒತ್ತಾಕತ್ತೀರಲ್ರಿ!"

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಮರುದಿನ ಡಾಕ್ಟರು ನಮ್ಮ ಹಂದಿಯನ್ನು ಮತ್ತೆ ನೋಡಲು ಬಂದು, ತಾವಾಗಿಯೇ ವರದಿ ಒಪ್ಪಿಸಿದರು: "ನಾನು ಹೋಗೋಷ್ಟರಲ್ಲಿ ಎಮ್ಮೆ ತಾನೇ ಈದ್ಬಿಟ್ಟಿತ್ತಮ್ಮಾ. ನಾನು ಮೊದಲೇ ಹೋಗಿದ್ರೆ ಏನಾಗ್ತಿತ್ತೋ ಗೊತ್ತಾಗ್ತಾ ಇಲ್ಲ." ಹೀಗೆ ಹೇಳುತ್ತಲೇ, ಅತ್ತೆ ತನಗಾಗಿ ಇಟ್ಟುಕೊಂಡಿದ್ದ ಚಹಾವನ್ನು ಎತ್ತಿ ಕುಡಿದುಬಿಟ್ಟರು. ಓಣಿಯ ಹೆಂಗಸರು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಮ್ಮ ಮನೆಯ ನೀರು ಮುಟ್ಟದವರೇ ಹೆಚ್ಚಿದ್ದ ಕಾಲ ಅದು. ಬೇಕೆಂದೇ ಕುಡಿದರೋ, ಮೈಮರೆತು ಕುಡಿದರೋ, ನನಗೆ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಅತ್ತೆ ಎರಡು ಬಟ್ಟಲು ಚಹಾ ಇಡತೊಡಗಿದಳು.

ಅವರು ಕಾವೇರಿ ಸೀಮೆಯವರು. ನಮ್ಮ ಮಾತು ಅವರಿಗೆ ಮೊದಮೊದಲು ಜಗಳದಂತೆ ಕೇಳುತ್ತಿತ್ತಂತೆ. ಇಬ್ಬರು ಹೆಂಗಸರು ಕಷ್ಟಸುಖ ಹೇಳಿಕೊಳ್ಳುತ್ತಿದ್ದರೆ ನಡುವೆ ಹೋಗಿ, "ಹೋಗ್ಲಿ ಬಿಡಿ ಅಮ್ಮಾ" ಎಂದು ಬಿಡಿಸಲು ನಿಲ್ಲುತ್ತಿದ್ದರು. ಇಂಡಿ ತಾಲೂಕಿನ ಕಡೆಗೆ ಹೋಗಿ ಬಂದ ದಿನ ಪ್ಯಾಂಟಿನ ಎರಡೂ ಕಿಸೆಯಲ್ಲಿ ಅಲ್ಲಿಯ ತೋಟದ ನಿಂಬೆಹಣ್ಣು ಇರುತ್ತಿದ್ದವು. ಹಂದಿ ಮುಟ್ಟಿದ ಕೈಗೆ ಉಜ್ಜಿಕೊಳ್ಳಲು ತಂದಿದ್ದಾರೆ ಎಂದು ನಾನು ಒಳಗೊಳಗೇ ಸಿಟ್ಟಾಗಿದ್ದೆ. ಆಮೇಲೆ ನೋಡಿದರೆ ಅವು ಉಪ್ಪು ಹಚ್ಚಿ ನೆಕ್ಕಲು. ಅದೂ ದೊಡ್ಡಿಯ ನಡುವೆ, ಹಂದಿಗಳ ಜೊತೆ ನಿಂತುಕೊಂಡು.

ನಮ್ಮ ಕಡೆ "ತಿಳೀವಲ್ದು" ಎನ್ನುವ ಮನುಷ್ಯನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಔಷಧಿ ಕೊಡುವವನು ಬಲವಾಗಿ ಹೇಳಬೇಕು, ಕೇಳುವವರು ತಲೆಯಾಡಿಸಬೇಕು. ಈ ಡಾಕ್ಟರ ಬಾಯಲ್ಲಿ ಮಾತ್ರ ಯಾವಾಗಲೂ "ಗೊತ್ತಾಗ್ತಾ ಇಲ್ಲ". ಇಂಥವರ ಕೈಗೆ ನಮ್ಮ ಹಂದಿಗಳನ್ನು ಹೇಗೆ ಕೊಟ್ಟೆವೋ ಎಂದು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ.

ಆ ವರ್ಷ ಮಳೆಗೆ ಮುಂಚೆ ಅವರು ಗಂಟಲು ಬೇನೆಯ ಲಸಿಕೆ ತಂದರು. ಮಳೆ ಬಿದ್ದ ಮೇಲೆ ಬರುವ ಬೇನೆ ಅದು. ಮುಂಜಾನೆ ಚೆನ್ನಾಗಿ ತಿಂದ ಹಂದಿಗೆ ಸಂಜೆ ಜ್ವರ ಏರಿ, ಗಂಟಲು ಬಾತು, ಉಸಿರು ಸಿಕ್ಕಿಕೊಂಡು, ಮರುದಿನಕ್ಕೆ ಮುಗಿದೇ ಹೋಗುತ್ತಿತ್ತು. ದನಗಳಿಗೂ ಬರುವ ಬೇನೆಯೇ. ದನಗಳಿಗೆ ಸೂಜಿ ಹಾಕುತ್ತಿದ್ದರು, ಹಂದಿಗೂ ಹಾಕಬೇಕು ಎಂದು ಹಟ ಹಿಡಿದವರು ನಮ್ಮೂರಿನಲ್ಲಿ ಇವರೊಬ್ಬರೇ. ಬಿಜಾಪುರದಿಂದ ಥರ್ಮಾಸಿನ ತುಂಬ ಬರ್ಫ ಹಾಕಿ, ನಡುವೆ ಲಸಿಕೆಯ ಬಾಟಲಿ ಇಟ್ಟು, ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಓಣಿಯ ಗಂಡಸರು ಹಂದಿಗಳನ್ನು ಬೆನ್ನಟ್ಟಿ ಹಿಡಿದರು, ಇವರು ಕಿವಿಯ ಹಿಂದೆ ಚುಚ್ಚಿದರು. ಊರಿಗೆ ಊರೇ ಕೇಳುವಂತೆ ಹಂದಿಗಳು ಕಿರುಚಿದವು.

ಮಳೆ ಬಂತು, ಬೇನೆಯೂ ಬಂತು. ಸೂಜಿ ಹಾಕಿಸಿಕೊಳ್ಳದವು ಸತ್ತವು, ಹಾಕಿಸಿಕೊಂಡವೂ ಸತ್ತವು.

ಸೂಜಿಯೇ ಕೊಂದಿತು ಎಂದು ಓಣಿ ತೀರ್ಮಾನ ಮಾಡಿತು. ಬೇರೆ ಯಾರಾದರೂ ಆಗಿದ್ದರೆ ಆ ದಿಕ್ಕಿಗೆ ತಲೆ ಹಾಕುತ್ತಿರಲಿಲ್ಲ. ಇವರು ದಿನಾ ಮುಂಜಾನೆ ಬಂದು, ಸತ್ತ ಹಂದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದರು.

"ಯಾಕೆ ಸತ್ತವೋ ಗೊತ್ತಾಗ್ತಾ ಇಲ್ಲಮ್ಮಾ. ದಾರೀಲಿ ಐಸ್ ಕರಗಿ ಲಸಿಕೆ ಕೆಟ್ಟಿತ್ತೋ, ಓಡಿಸಿ ಹಿಡಿದಿದ್ದಕ್ಕೆ ದಣಿದಿದ್ವೋ, ಹೊಟ್ಟೇಲಿ ಜಂತು ತುಂಬಿ ಮೈಯಲ್ಲಿ ಶಕ್ತಿನೇ ಇರ್ಲಿಲ್ವೋ..."

"ಬ್ಯಾರೆಯವ್ರಾಗಿದ್ರ ನಿಮ್ಮ ಹಂದೀನ ಸರಿ ಇಲ್ಲಂತ ನಮ್ಮ ಮ್ಯಾಲ ಹಾಕಿ ಹೋಗತಿದ್ರು" ಎಂದಳು ಅತ್ತೆ ಅವರು ಹೋದ ಮೇಲೆ. ನಮ್ಮ ಮನೆಯಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಅಂದೇ ಇರಬೇಕು.

ಜಾಗ ಸಿಕ್ಕಿತು, ಆದರೆ ದೊಡ್ಡಿ ಬರಿದಾಗುತ್ತ ಬಂದಿತ್ತು. ಅರ್ಧಕ್ಕಿಂತ ಕಡಿಮೆ ಉಳಿದಿದ್ದವು. ಮಾವ ಒಂದು ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: "ಬರೂ ಮಳಿಗಾಲಾನೂ ಹಿಂಗ ಆತಂದ್ರ ಉಳದಷ್ಟ ಮಾರಿ ಸೊಲ್ಲಾಪುರಕ್ಕ ಹೋಗೂನು. ಮಿಲ್ಲಿನ್ಯಾಗ ಹಮಾಲಿ ಕೆಲಸ ಸಿಗತೈತಂತ." ನನ್ನ ಗಂಡ ತಲೆಯಾಡಿಸಿದರು. ನಾನು ಆಗ ಬಸುರಿ. ಗುರುತಿಲ್ಲದ ಊರಿನಲ್ಲಿ, ಮಿಲ್ಲಿನ ಚಾಳಿನ ಒಂದು ಕೋಣೆಯಲ್ಲಿ ಎಳೆಕೂಸು, ಸಂಸಾರ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತ ಮಲಗುತ್ತಿದ್ದೆ. ನಮ್ಮ ಬದುಕೆಲ್ಲ ಇನ್ನೊಂದು ಮಳೆಗಾಲದ ಮೇಲೆ ನಿಂತಿತ್ತು.

ಮುಂದಿನ ಬೇಸಿಗೆಯಲ್ಲಿ ಡಾಕ್ಟರು ಒಂದು ಡಬ್ಬಿ ಬಿಳಿ ಪುಡಿ ಹಿಡಿದುಕೊಂಡು ಬಂದರು. ಅದು ಹೊಸದಾಗಿ ಬಂದಿದ್ದ ಜಂತಿನ ಪುಡಿ. ಜಂತು ಬೀಳಿಸುವುದರ ಜೊತೆಗೆ ಅದು ಇನ್ನೂ ಏನೋ ಮಾಡುತ್ತದೆ ಎಂದು ಹೊರದೇಶದವರು ಬರೆದದ್ದನ್ನು ಅವರು ಓದಿದ್ದರು. ಅತ್ತೆಯ ಮುಂದೆ ಕೂತು ವಿವರಿಸಿದರು.

"ನೋಡಮ್ಮಾ, ಹುಟ್ಟುವಾಗ್ಲೇ ಪ್ರತಿ ಪ್ರಾಣಿಯ ಮೈಯೊಳಗೆ ಒಂದು ಕಾವಲು ಇರುತ್ತೆ. ಯಾವ ಹೊಸಬ ಒಳಗೆ ಬಂದ್ರೂ ತಡೆಯೋದು ಅದರ ಕೆಲಸ. ನಾವು ಹಾಕೋ ಸೂಜಿ ಅಂದ್ರೆ, ಇಂಥ ಕಳ್ಳ ಬರ್ತಾನೆ ಅಂತ ಮುಂಚೇನೇ ಗುರುತು ಹೇಳಿಕೊಡೋದು. ಕಾವಲುಗಾರನೇ ನಿದ್ದೆ ಹೊಡೀತಾ ಇದ್ರೆ ಗುರುತು ಯಾರಿಗೆ ಹೇಳೋದು?"

"ಹಂಗಾರ ಮೊದಲ ಅವನ್ನ ಎಬ್ಬಸ್ರಿ" ಎಂದಳು ಅತ್ತೆ.

"ಅದಕ್ಕೇ ಈ ಪುಡಿ! ಎಬ್ಬಿಸುತ್ತೆ ಅಂತಾರೆ. ಎಬ್ಬಿಸುತ್ತೋ ಇಲ್ವೋ ನನಗೆ ಗೊತ್ತಾಗ್ತಾ ಇಲ್ಲ. ಗೊತ್ತಾಗ್ಬೇಕು ಅಂದ್ರೆ ಅರ್ಧ ಹಂದಿಗೆ ಪುಡಿ ಕೊಟ್ಟು ಸೂಜಿ ಹಾಕ್ಬೇಕು, ಇನ್ನರ್ಧಕ್ಕೆ ಬರೀ ಸೂಜಿ."

ಅತ್ತೆ ದೊಡ್ಡಿಯ ಕಡೆ ತಿರುಗಿ ನೋಡಿದಳು. "ಉಳದ ಅರ್ಧ ಏನ ಪಾಪ ಮಾಡ್ಯಾವ್ರಿ?"

"ಪಾಪದ ಮಾತಲ್ಲಮ್ಮಾ. ಎಲ್ಲಕ್ಕೂ ಕೊಟ್ಟು ಎಲ್ಲಾ ಉಳಿದ್ರೆ, ಪುಡಿಯಿಂದ ಉಳಿದ್ವೋ, ಸೂಜಿಯಿಂದ ಉಳಿದ್ವೋ, ಬೇನೆಯೇ ಬಡವಾಗಿತ್ತೋ, ಹೇಗೆ ಹೇಳೋದು?"

"ಯಾಕ ಹೇಳಬೇಕ್ರಿ? ಉಳದ್ರ ಸಾಕಲ್ರಿ."

ನನಗೆ ಇಬ್ಬರದ್ದೂ ಸರಿ ಎನ್ನಿಸುತ್ತಿತ್ತು. ಡಾಕ್ಟರು ಮಾತಾಡಿದಾಗ ಅವರದ್ದು, ಅತ್ತೆ ಮಾತಾಡಿದಾಗ ಅವಳದ್ದು. ಕಡೆಗೆ ಅತ್ತೆ ಹೂಂ ಎಂದಳು. ಪುಡಿ ತಿನ್ನಬೇಕಾದ ಹಂದಿಗಳ ಬೆನ್ನಿಗೆ ಡಾಕ್ಟರು ಗಾಯಕ್ಕೆ ಹಚ್ಚುವ ನೇರಳೆ ಔಷಧಿ ಬಳಿದು ಗುರುತು ಮಾಡಿದರು. ಅವು ನೇರವಾಗಿ ಚರಂಡಿಗೆ ಹೋಗಿ ಹೊರಳಾಡಿ ಕರ್ರಗಾಗಿ ಬಂದವು. "ಬಣ್ಣ ಯಾಕ್ರಿ, ಎಲ್ಲಾದರ ಮಾರಿನೂ ನನಗ ಗುರ್ತ ಐತಿ" ಎಂದು ಅತ್ತೆ ಸಮಾಧಾನ ಮಾಡಿದಳು. ಹಂದಿಗಳು ಮರಳುವುದು ಹೊತ್ತು ಮುಳುಗುವಾಗ, ಹೊರಗಿನವರು ನಿಂತರೆ ದೋಣಿಗೆ ಬಾಯಿ ಹಾಕುವುದಿಲ್ಲ. ಹೀಗಾಗಿ ಪುಡಿ ತಿನ್ನಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿದರು. ಅದೇ ವಾರ ನಾನು ತಮ್ಮನ ಮದುವೆಗೆಂದು ಅಷ್ಟರಲ್ಲಿ ಹುಟ್ಟಿದ್ದ ಮಗುವನ್ನು ಎತ್ತಿಕೊಂಡು ಮನಗೂಳಿಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಸೂಜಿಯೂ ಮುಗಿದಿತ್ತು. ಈ ಸಲ ಬೆನ್ನಟ್ಟಿ ಹಿಡಿಯಲಿಲ್ಲವಂತೆ. ಅತ್ತೆ ದೋಣಿ ಬಡಿದು ಕರೆದಳು, ತಿನ್ನುತ್ತ ನಿಂತಿದ್ದಾಗ ಡಾಕ್ಟರು ಬೇಲಿಯ ಹಿಂದಿನಿಂದ ಬಂದು ಚುಚ್ಚಿದರು. ಬರ್ಫವನ್ನೂ ದಾರಿಯಲ್ಲಿ ಬದಲಿಸಿ ತಂದಿದ್ದರು. ಓಣಿಯ ಉಳಿದ ಮನೆಗಳಲ್ಲಿ ಯಾರೂ ಸೂಜಿ ಹಾಕಿಸಲಿಲ್ಲ. ಹೋದ ವರ್ಷದ ಸಾವು ಅವರ ಕಣ್ಣ ಮುಂದೆಯೇ ಇತ್ತು.

ಮಳೆ ಹಿಡಿದುಕೊಂಡಿತು. ಮೊದಲು ಪಕ್ಕದ ಮನೆಯಲ್ಲಿ ಒಂದು ಹಂದಿ ಬಿತ್ತು, ಆಮೇಲೆ ಅದರ ಮರಿಗಳು, ಆಮೇಲೆ ಆಚೆ ಮನೆಯವು. ನಮ್ಮ ದೊಡ್ಡಿಯಲ್ಲಿ ಕೆಲವು ಜ್ವರ ಬಂದು ಮಲಗಿದವು. ಅತ್ತೆ ಅವುಗಳ ಗಂಟಲು ಮುಟ್ಟಿ ನೋಡುತ್ತ ಅಲ್ಲೇ ಕೂತುಬಿಟ್ಟಳು. ನನ್ನ ಗಂಡ ಸೊಲ್ಲಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರನ್ನೋ ಕೇಳಿಕೊಂಡು ಬಂದರು. ಮಲಗಿದ ಹಂದಿಗಳು ಎದ್ದವು. ಮುಸುರೆ ಮುಟ್ಟಿದವು. ನಮ್ಮಲ್ಲಿ ಒಂದೂ ಸಾಯಲಿಲ್ಲ.

ಪಕ್ಕದ ಮನೆಯಾಕೆ ಬೇಲಿಯ ಆಚೆ ನಿಂತು, "ಸೂಜಿ ಬ್ಯಾಡಂದ್ವಿ, ಈಗ ನೋಡ್ರಿ ಸಾಹೇಬ್ರ, ದೊಡ್ಡಿ ಬಯಲಾತು" ಎಂದು ಅತ್ತಳು. ನಾನು ಹೇಳಿರಲಿಲ್ಲವೇ ಎಂದು ಡಾಕ್ಟರು ಅನ್ನಲಿಲ್ಲ. ತಮ್ಮದೇ ಹಂದಿ ಸತ್ತವರಂತೆ ನೆಲ ನೋಡುತ್ತ ನಿಂತರು.

ಆಮೇಲೆ ನಮ್ಮ ದೊಡ್ಡಿಗೆ ಬಂದು ಒಂದೊಂದನ್ನೇ ನೋಡಿದರು. ಮುಖದಲ್ಲಿ ಸಂತೋಷ, ಅದರ ಹಿಂದೆಯೇ ಗೊಂದಲ. "ಪುಡಿ ತಿಂದವೂ ಉಳಿದಿವೆ, ತಿನ್ನದೆ ಇದ್ದವೂ ಉಳಿದಿವೆ. ಹಾಗಾದ್ರೆ ಪುಡಿಯಿಂದ ಏನೂ ಆಗ್ಲಿಲ್ವಾ? ಅಮ್ಮಾ, ಪುಡಿ ತಿಂದವು ಯಾವುವು, ತೋರಿಸಿ."

"ಎಲ್ಲಾ ತಿಂದಾವ್ರಿ" ಎಂದಳು ಅತ್ತೆ.

"ಎಲ್ಲಾ ಅಂದ್ರೆ?"

"ಅರ್ಧಕ್ಕಂತ ಕೊಟ್ಟಿದ್ರಲ್ರಿ, ಅದನ್ನ ಮುಸರ್ಯಾಗ ಕಲಿಸಿ ಎಲ್ಲಾಕೂ ಹಂಚೇನಿ." ಡಾಕ್ಟರ ಮುಖ ನೋಡಿ ಅವಳ ದನಿ ಇಳಿಯಿತು, ಆದರೆ ಮಾತು ನಿಲ್ಲಲಿಲ್ಲ. "ಊರಾನ ಮದವಿ ಊಟದಾಗ ನಮ್ಮನ್ನ ಬ್ಯಾರೆ ಕೂಡಸ್ತಾರ್ರಿ. ಎಲ್ಲಾರದೂ ಆದ ಮ್ಯಾಲ, ಉಳದದ್ದ ನೀಡ್ತಾರ. ಅದು ಹೆಂಗಾಗತೈತಿ ಅಂತ ನನಗ ಗೊತ್ತೈತಿ. ನನ್ನ ದೊಡ್ಡ್ಯಾಗ ನಾ ಪಂಕ್ತಿಭೇದ ಮಾಡಂಗಿಲ್ರಿ."

ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೂಗಲಿಲ್ಲ. ಕಿವಿಯ ಹಿಂದೆ ಕೆರೆದುಕೊಳ್ಳಲೂ ಇಲ್ಲ.

"ಏನು ಮಾಡಿಬಿಟ್ರಮ್ಮಾ. ನಿಮ್ಮ ಹಂದಿ ಯಾಕೆ ಉಳಿದ್ವು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಿದ್ರ ಏನಾಗತಿತ್ರಿ?"

ಅವರು ಬೇಲಿಯಾಚೆಯ ಬರಿದಾದ ದೊಡ್ಡಿಯ ಕಡೆಗೆ ಕೈ ತೋರಿಸಿದರು. "ಬರೋ ವರ್ಷ ಅವರ ಹಂದಿನೂ ಉಳೀತಿದ್ವು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಾ ಕಡೆ ಉಳೀತಿದ್ವು. ಮೊದಲು ಪುಡಿ ಕೊಡಿ, ಆಮೇಲೆ ಸೂಜಿ ಹಾಕಿ ಅಂತ ಎಲ್ಲರಿಗೂ ಧೈರ್ಯವಾಗಿ ಹೇಳ್ತಿದ್ದೆ. ಈಗ ಏನಂತ ಹೇಳ್ಲಿ? ಐಸ್ ಚೆನ್ನಾಗಿತ್ತೋ, ಓಡಿಸದೇ ಇದ್ದಿದ್ದು ಒಳ್ಳೇದಾಯ್ತೋ, ಅರ್ಧ ಪುಡಿನೇ ಸಾಕಾಯ್ತೋ..."

ಮಾತು ಮುಗಿಸದೆ ಸೈಕಲ್ ಹತ್ತಿ ಹೋದರು. ಚಹಾ ಹಾಗೇ ಆರಿತು. ಅತ್ತೆ ಬಹಳ ಹೊತ್ತು ಪಕ್ಕದ ದೊಡ್ಡಿಯನ್ನೇ ನೋಡುತ್ತ ಕೂತಿದ್ದಳು. "ನಾ ನನ್ನ ದೊಡ್ಡಿ ಅಷ್ಟ ಕಂಡ್ನಿ. ಆ ಮನಷ್ಯಾನ ಪಂಕ್ತಿ ಭಾಳ ಉದ್ದ ಐತಿ" ಎಂದಳು. ಅದನ್ನು ಹೊಗಳಿ ಅಂದಳೋ ನೊಂದು ಅಂದಳೋ ನನಗೆ ತಿಳಿಯಲಿಲ್ಲ. ಹಂದಿ ಉಳಿದಿದ್ದವು, ನಾವು ಸೊಲ್ಲಾಪುರಕ್ಕೆ ಹೋಗುವ ಮಾತು ಅಲ್ಲಿಗೇ ನಿಂತಿತ್ತು. ಕುಣಿಯಬೇಕಾದ ದಿನ ಅತ್ತೆ ಆರಿದ ಚಹಾವನ್ನು ಮುಸುರೆಗೆ ಸುರಿದಳು.

ಮೂರನೆಯ ವರ್ಷ ಅತ್ತೆ ತಾನೇ ದವಾಖಾನೆಗೆ ಹೋಗಿ ಬಾಗಿಲ ಹೊರಗೆ ನಿಂತು ಹೇಳಿದಳು: "ಈ ವರ್ಷ ಅರ್ಧಕ್ಕ ಕೊಡ್ರಿ. ನಾ ಈ ಸಲ ಎಲ್ಲಾಕೂ ಹಂಚಂಗಿಲ್ಲ." ತನಗೆ ಎಲ್ಲಕ್ಕಿಂತ ಪ್ರೀತಿಯ ಚಂದ್ರಿ ಎಂಬ ಹೆಣ್ಣು ಹಂದಿಯನ್ನು ಪುಡಿ ಇಲ್ಲದ ಗುಂಪಿಗೆ ಅವಳೇ ಸೇರಿಸಿದಳು. ಯಾಕೆ ಎಂದು ಕೇಳಿದರೆ, "ನನ್ನ ಪ್ರೀತೀದಂತ ಅದಕ್ಕ ಪುಡಿ ಕೊಟ್ಟರ, ಅದೂ ಭೇದಾನ ಆಗತೈತಿ" ಎಂದಳು. ದಿನಾ ಎರಡು ಸರತಿಯಲ್ಲಿ ಮುಸುರೆ ಹಾಕುವಾಗ ಚಂದ್ರಿಯ ಕಡೆ ಮುಖ ಮಾಡುತ್ತಿರಲಿಲ್ಲ. ಓಣಿಯ ಬೇರೆ ಮನೆಗಳವರೂ ಈ ಸಲ ಸೂಜಿ ಹಾಕಿಸಿದರು. ಎಲ್ಲರೂ ಮಳೆಗೆ ಕಾದರು.

ಮಳೆ ಬಂತು. ಬೇನೆ ಬರಲಿಲ್ಲ. ನಮ್ಮ ಓಣಿಯಲ್ಲಷ್ಟೇ ಅಲ್ಲ, ಸೂಜಿ ಕಾಣದ ಅಕ್ಕಪಕ್ಕದ ಹಳ್ಳಿಗಳಲ್ಲೂ ಬರಲಿಲ್ಲ. ಡಾಕ್ಟರು ದಿನಾ ಬಂದು ಹಂದಿಗಳ ಗಂಟಲು ಮುಟ್ಟಿ ನೋಡಿ, ಎಲ್ಲವೂ ಗಟ್ಟಿಮುಟ್ಟಾಗಿದ್ದದ್ದಕ್ಕೆ ನಿಟ್ಟುಸಿರು ಬಿಡುತ್ತಿದ್ದರು. "ರೋಗ ಬರಲಿಲ್ಲ ಅಂತ ಬೇಜಾರು ಮಾಡ್ಕೊಳ್ಳೋ ಡಾಕ್ಟರು ನಾನೊಬ್ಬನೇ ಇರ್ಬೇಕು" ಎಂದು ತಮ್ಮನ್ನೇ ಬೈದುಕೊಂಡರು. ಅದೇ ದೀಪಾವಳಿಯ ಹೊತ್ತಿಗೆ ಅವರಿಗೆ ಎಲ್ಲೋ ದೂರಕ್ಕೆ ವರ್ಗವಾಯಿತು.

ಹೊರಡುವ ದಿನ ನಮ್ಮಲ್ಲಿಗೆ ಬಂದಿದ್ದರು. ನಾನು ಧೈರ್ಯ ಮಾಡಿ ಕೇಳಿದೆ: "ಸಾಹೇಬ್ರ, ನಿಮಗ ಏನ ಅನಸ್ತೈತ್ರಿ? ಆ ಪುಡಿ ಕಾವಲುಗಾರನ್ನ ಎಬ್ಬಿಸ್ತೋ ಇಲ್ಲೋ?"

"ಎಬ್ಬಿಸ್ತು ಅಂತಾನೇ ಅನ್ಸುತ್ತೆ ಕಣಮ್ಮಾ. ಆದ್ರೆ ಅನ್ಸೋದು ಬೇರೆ, ಗೊತ್ತಾಗೋದು ಬೇರೆ."

ಮುಂದೆ ನಾನು ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುವವಳಾದೆ. ಮಕ್ಕಳು ಕೇಳಿದ್ದಕ್ಕೆಲ್ಲ ಬಾಯಿಗೆ ಬಂದ ಉತ್ತರ ಕೊಟ್ಟು ಕೂರಿಸುವುದು ಸುಲಭ. ಹಾಗೆ ಕೊಡಲು ಹೋದಾಗಲೆಲ್ಲ ಈ ಮಾತು ಅಡ್ಡ ಬಂದು, "ನನಗೂ ಗೊತ್ತಿಲ್ಲ" ಎಂದುಬಿಡುತ್ತಿದ್ದೆ. ಅದರಿಂದ ನನ್ನ ಬೆಲೆ ಹೆಚ್ಚಾಯಿತು ಎಂದೇನೂ ಹೇಳಲಾರೆ.

ಅವರು ತೀರಿಕೊಂಡ ಸುದ್ದಿ ಬಹಳ ವರ್ಷಗಳ ಮೇಲೆ ಬಂತು. ದವಾಖಾನೆಯ ಹಳೆಯ ಕಂಪೌಂಡರು ದಾರಿಯಲ್ಲಿ ಸಿಕ್ಕು, ಅವರ ಊರಿನಲ್ಲೇ ಹೋದರಂತೆ ಎಂದು ಹೇಳಿದ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅವಳಿಗೆ ಆಗ ಕಣ್ಣು ಮಂಜಾಗಿತ್ತು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಅವ್ರಿಗೆ ಕಡೀಕರ ಗೊತ್ತಾತೇನ?"

"ಇಲ್ಲ ಅನಸ್ತೈತಿ, ಅತ್ತಿ."

"ಆ ವರ್ಷ ನಾ ಅವ್ರು ಹೇಳಿದಂಗ ಅರ್ಧಕ್ಕ ಕೊಟ್ಟಿದ್ರ, ಉಳದ ಅರ್ಧ ಸಾಯತಿದ್ವೇನ?"

"ಯಾರಿಗೆ ಗೊತ್ತು, ಅತ್ತಿ."

"ಸತ್ತಿದ್ರ ಅವ್ರಿಗೆ ಗೊತ್ತಾಗತಿತ್ತು. ನಾವು ಸೊಲ್ಲಾಪುರಕ್ಕ ಹೋಗತಿದ್ವಿ."

ನಾನು ಹೂಂ ಎಂದೆ. ಅಷ್ಟು ವರ್ಷ ಅವಳು ಇದನ್ನೇ ತೂಗುತ್ತ ಕೂತಿದ್ದಳು ಎಂದು ನನಗೆ ಅಂದೇ ತಿಳಿದದ್ದು. ಅವಳು ಅಳಲಿಲ್ಲ, ಅತ್ತದ್ದು ನಾನು.

ನಾವು ಊರು ಬಿಡಲಿಲ್ಲ. ಮಗ ಇಲ್ಲೇ ಬೆಳೆದ, ನಾನು ಇಲ್ಲೇ ಮಕ್ಕಳಿಗೆ ಅಕ್ಷರ ಕಲಿಸಿದೆ, ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಆ ಮನುಷ್ಯ ನಮ್ಮಿಂದ ಬೇಡಿದ್ದು ಒಂದೇ ಒಂದು ಉತ್ತರ. ಅದನ್ನು ನಾವು ಮುಸುರೆಯಲ್ಲಿ ಕಲಸಿ ಹಂದಿಗಳಿಗೆ ಹಂಚಿಬಿಟ್ಟೆವು. ಹಾಗೆ ಹಂಚಿದ್ದಕ್ಕೇ ನಾವು ಉಳಿದೆವೋ, ಹಂಚದಿದ್ದರೂ ಉಳಿಯುತ್ತಿದ್ದೆವೋ, ಅದೂ ಗೊತ್ತಿಲ್ಲ. ನಮ್ಮ ಮೇಲೆ ಅವರ ಋಣವಿದೆ ಎನ್ನುವುದು ಮಾತ್ರ ಗೊತ್ತು. ಅದು ಹಂದಿ ಉಳಿಸಿಕೊಟ್ಟ ಋಣವೋ, ಅವರ ಉತ್ತರವನ್ನು ನಾವೇ ತಿಂದ ಋಣವೋ, ನನಗೆ ಗೊತ್ತಾಗುತ್ತಿಲ್ಲ.